ರಿಜಿಸ್ಟರ್ ಬರೆಯುವವರು, ಪ್ರಶ್ನೆ ಕೇಳುವವರು



ಆರೋಗ್ಯ ಮತ್ತು ಸಮಾಜಸೇವೆಯ ವೃತ್ತಿಗಳಲ್ಲಿರುವವರು ಸಂಶೋಧನಾ ವಿಧಾನವನ್ನು ಯಾಕೆ ಕಲಿಯಬೇಕು, ಯಾವ ದಾರಿಯಲ್ಲಿ ಕಲಿಯಬೇಕು ಎಂಬ ವಿಷಯವನ್ನು ಸಿರಿಗೇರಿಯಲ್ಲಿ ನಡೆಯುತ್ತಿರುವ ಈ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ. ಸಂಶೋಧನೆ ಎಂದ ಕೂಡಲೇ ಪ್ರಯೋಗಾಲಯ, ಪಿಎಚ್.ಡಿ. ಪದವಿ, ಹೊರದೇಶದ ಪತ್ರಿಕೆಯಲ್ಲಿ ಅಚ್ಚಾದ ಲೇಖನ ಇವೇ ಕಣ್ಣ ಮುಂದೆ ಬರುತ್ತವೆ. ಇಂದಿನ ಮಾತಿನಲ್ಲಿ ಅವು ಅಂಚಿನಲ್ಲಿರುತ್ತವೆ. ನಡುವೆ ಇರುವುದು ಉಪಕೇಂದ್ರದ ಮೇಜಿನ ಮೇಲಿರುವ ರಿಜಿಸ್ಟರ್.

ಆ ಮೇಜಿನ ಮೇಲೆ ಏನೇನಿದೆ ಎಂಬುದು ಇಲ್ಲಿ ಕುಳಿತ ಬಹುಪಾಲು ಜನರಿಗೆ ನನಗಿಂತ ಚೆನ್ನಾಗಿ ಗೊತ್ತು. ಗರ್ಭಿಣಿಯರ ನೋಂದಣಿ, ಅರ್ಹ ದಂಪತಿಗಳ ಪಟ್ಟಿ, ಲಸಿಕೆ, ಜನನ, ಮರಣ, ಜ್ವರ, ಕ್ಷಯ, ಕುಷ್ಠ, ಬಿಪಿ, ಶುಗರ್. ಅಂಗನವಾಡಿಯಲ್ಲಾದರೆ ಮಕ್ಕಳ ತೂಕ, ಎತ್ತರ, ಹಾಜರಿ, ಆಹಾರದ ದಾಸ್ತಾನು. ಕಾಗದದಲ್ಲಿ ಬರೆದದ್ದನ್ನೇ ಮತ್ತೆ ಮೊಬೈಲಿನಲ್ಲಿ ಎಂಟ್ರಿ ಮಾಡಬೇಕು. ಈ ಮಾಹಿತಿಯೆಲ್ಲ ಮೇಲಕ್ಕೆ ಹರಿಯುತ್ತದೆ: ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಾಲ್ಲೂಕು ಕೇಂದ್ರ ಸಿರುಗುಪ್ಪಕ್ಕೆ, ಜಿಲ್ಲಾ ಕೇಂದ್ರ ಬಳ್ಳಾರಿಗೆ, ಬೆಂಗಳೂರಿಗೆ, ದೆಹಲಿಗೆ. ಕೆಳಕ್ಕೆ ಬರುವುದು ಟಾರ್ಗೆಟ್ಟು, ಸಭೆಯ ಸೂಚನೆ, ಒಮ್ಮೊಮ್ಮೆ ನೋಟಿಸು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಮಾಹಿತಿಗೆ ಬರವಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬರೆಯುವ ಕೈಗೆ, ತಾನು ಬರೆದದ್ದನ್ನೇ ಮುಂದಿಟ್ಟುಕೊಂಡು ಪ್ರಶ್ನೆ ಎತ್ತುವ ತರಬೇತಿಯನ್ನೂ ಸಲುಗೆಯನ್ನೂ ನಾವು ಕೊಟ್ಟಿಲ್ಲ. ಸಂಶೋಧನಾ ವಿಧಾನದ ಕಲಿಕೆ ಅಲ್ಲಿಂದ ಶುರುವಾಗಬೇಕು ಎಂಬುದೇ ನನ್ನ ವಾದ.

ಈ ವಾದಕ್ಕೆ ನಮ್ಮ ರಾಜ್ಯದಲ್ಲೇ ಅರವತ್ತು ವರ್ಷ ಹಳೆಯ ಆಧಾರವೊಂದಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಇಡೀ ದೇಶಕ್ಕೆ ಹೊಂದುವ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವುದು ಅದರ ಹೊಣೆ. ಆ ಕಾಲದ ಪರಿಣತರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿತ್ತು: ಹಳ್ಳಿಯ ಜನ ಅಜ್ಞಾನಿಗಳು, ತಿಂಗಳುಗಟ್ಟಲೆ ಕೆಮ್ಮಿದರೂ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ, ಯಂತ್ರ ತಾಯಿತ ಎಂದು ಅಲೆಯುತ್ತಾರೆ, ಆದ್ದರಿಂದ ಎಕ್ಸ್‌ರೇ ಗಾಡಿಯೊಂದಿಗೆ ಊರೂರು ತಿರುಗಿ ನಾವೇ ರೋಗಿಗಳನ್ನು ಹುಡುಕಬೇಕು. ಕೇಳಲು ಸರಿಯಾಗಿಯೇ ಇದೆ. ಇಂದಿಗೂ ಅನೇಕ ಸಭೆಗಳಲ್ಲಿ ಬೇರೆ ಬೇರೆ ಕಾಯಿಲೆಗಳ ಬಗ್ಗೆ ಇದೇ ಧಾಟಿಯ ಮಾತು ಕೇಳಿಬರುತ್ತದೆ.

ಆ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಅವರು ಆರಿಸಿಕೊಂಡ ಜಾಗ ತುಮಕೂರು ಜಿಲ್ಲೆ. ಅಲ್ಲಿ ಆಗಷ್ಟೇ ಮನೆಮನೆ ಕ್ಷಯ ಸಮೀಕ್ಷೆ ನಡೆದಿತ್ತು. ಯಾರಿಗೆ ರೋಗವಿದೆ ಎಂಬುದು, ಅವರು ಆಸ್ಪತ್ರೆಗೆ ಬರಲಿ ಬಿಡಲಿ, ಆ ಸಮೀಕ್ಷೆಯಿಂದ ತಿಳಿದಿತ್ತು. ಅಂಥವರ ಮನೆಗೇ ಹೋಗಿ, ನಿಮಗೆ ಏನಾಗುತ್ತಿದೆ, ಅದರ ಬಗ್ಗೆ ಚಿಂತೆಯಿದೆಯೇ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆ, ದವಾಖಾನೆಗಳಿಗೆ ಹೋಗಿ ಬಂದಿದ್ದರು. ಅಲ್ಲಿ ಬಹಳಷ್ಟು ಜನರ ಕಫವನ್ನು ಪರೀಕ್ಷಿಸದೆ, ಕೆಮ್ಮಿನ ಔಷಧದ ಬಾಟಲಿ ಕೈಗಿತ್ತು ಕಳಿಸಲಾಗಿತ್ತು.

ಸಭಿಕರೇ, ಈ ಅಧ್ಯಯನದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಲ್ಲಿ ದುಬಾರಿ ಯಂತ್ರವಿಲ್ಲ, ಬುದ್ಧಿಗೆ ಎಟುಕದ ಗಣಿತವಿಲ್ಲ. ಎಲ್ಲ ಶಕ್ತಿ ಇರುವುದು ಒಂದೇ ನಿರ್ಧಾರದಲ್ಲಿ: ಯಾರನ್ನು ಕೇಳಬೇಕು ಎಂಬ ನಿರ್ಧಾರದಲ್ಲಿ. ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳನ್ನು ಸಂದರ್ಶಿಸಿದ್ದರೆ, ಬಾಗಿಲಿಗೆ ಬಂದು ಹಿಂದಿರುಗಿದವರ ಸುದ್ದಿಯೇ ಸಿಗುತ್ತಿರಲಿಲ್ಲ. ವೈದ್ಯರನ್ನು ಕೇಳಿದ್ದರೆ, ಜನ ಬರುವುದೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಅದು ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ, ಏಕೆಂದರೆ ಬಂದವರನ್ನು ಕ್ಷಯರೋಗಿ ಎಂದು ಅವರು ಗುರುತಿಸಿಯೇ ಇರಲಿಲ್ಲ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಛೇದ ಎಂದು ಕರೆಯುವುದು ಇದನ್ನೇ. ಭಿನ್ನರಾಶಿಯ ಕೆಳಗಿನ ಅಂಕಿ ತಪ್ಪಿದರೆ ಮೇಲಿನದು ಎಷ್ಟು ಸರಿಯಿದ್ದರೂ ಉತ್ತರ ತಪ್ಪೇ.

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಬಗೆಯ ತಿಳಿವಳಿಕೆಯ ಮೇಲೆ ನಿಂತಿತು. ಕೆಮ್ಮು ಹೊತ್ತು ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅದರ ತಿರುಳು. ಭಾರತದ ಕ್ಷಯ ಕೆಲಸದಲ್ಲಿ ಆ ವರ್ಷಗಳಲ್ಲಿ ತೊಡಗಿದ್ದ ಹಾಫ್ಡಾನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 1978ರ ಅಲ್ಮಾ ಆಟಾ ಘೋಷಣೆ, ಎಂದರೆ ಪ್ರಾಥಮಿಕ ಆರೋಗ್ಯ ಸೇವೆಯ ಘೋಷಣೆ, ಅವರ ಕಾಲದ್ದು.

ಈಗ ಸಿರಿಗೇರಿಗೆ ಬರೋಣ. ಇದು ತುಂಗಭದ್ರಾ ಕಾಲುವೆಯ ಭತ್ತದ ಸೀಮೆ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಕೂಲಿಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬೆಳಗ್ಗೆಯೇ ಗದ್ದೆಗೆ ಹೋಗುತ್ತಾರೆ. ಅಂಥ ದಿನ ಹನ್ನೊಂದು ಗಂಟೆಗೆ ಮನೆಮನೆ ಸಮೀಕ್ಷೆಗೆ ಹೊರಟವರಿಗೆ ಸಿಗುವವರು ಯಾರು? ಮುದುಕರು, ಚಿಕ್ಕ ಮಕ್ಕಳು, ಕೂಲಿಗೆ ಹೋಗುವ ಅಗತ್ಯವಿಲ್ಲದ ಮನೆಯವರು, ಕಾಯಿಲೆ ಬಿದ್ದು ಮಲಗಿದವರು. ಕೀಟನಾಶಕ ಸಿಂಪಡಿಸುವ ಗಂಡಸರಲ್ಲಿ ತಲೆನೋವು ಎಷ್ಟು, ನಾಟಿ ಹಾಕುವ ಹೆಂಗಸರಲ್ಲಿ ಬೆನ್ನುನೋವು ಎಷ್ಟು ಎಂಬ ಪ್ರಶ್ನೆಗೆ ಅಂಥ ಸಮೀಕ್ಷೆ ಕೊಡುವ ಉತ್ತರ ಏನೆಂದು ಊಹಿಸಬಹುದು. ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಕುಟುಂಬಗಳ ಬಾಗಿಲಿಗೆ ಬೀಗವಿರುತ್ತದೆ. ‘ಡೋರ್ ಲಾಕ್’ ಎಂದು ಬರೆದು ಮುಂದಿನ ಮನೆಗೆ ಹೋಗುತ್ತೇವೆ. ಆ ಎರಡು ಪದಗಳ ಹಿಂದೆ ಊರಿನ ಅತ್ಯಂತ ದುರ್ಬಲ ಜನ ಇರಬಹುದು ಎಂಬ ಎಚ್ಚರ ವಿಧಾನದ ಮೊದಲ ಪಾಠ. ಈ ಎಚ್ಚರ ಪ್ರಾಧ್ಯಾಪಕರಿಗಿಂತ ಆಶಾ ಕಾರ್ಯಕರ್ತೆಗೆ ಬೇಗ ಬರುತ್ತದೆ. ಯಾವ ಮನೆಯವರು ಯಾವ ತಿಂಗಳು ಊರಲ್ಲಿರುವುದಿಲ್ಲ ಎಂಬುದು ಆಕೆಗೆ ಬಾಯಿಪಾಠ.

ಅಳತೆಯ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಹೆರಿಗೆ ಕೋಣೆಯಲ್ಲಿದ್ದವರು ಬರೆದಿಡುತ್ತ ಬಂದರು. ಸಂಶೋಧನೆ ಮಾಡುತ್ತಿದ್ದೇವೆ ಎಂಬ ಅರಿವು ಅವರಿಗೆ ಇದ್ದಿರಲಾರದು. ಕೆಲಸದ ಶಿಸ್ತು ಎಂದು ಬರೆದಿಟ್ಟರು. ದಶಕಗಳ ಮೇಲೆ, ಹುಟ್ಟುವಾಗಿನ ಬೆಳವಣಿಗೆಗೂ ನಡುವಯಸ್ಸಿನ ಹೃದ್ರೋಗಕ್ಕೂ ನಂಟಿದೆಯೇ ಎಂಬ ಪ್ರಶ್ನೆ ಜಗತ್ತಿನಲ್ಲಿ ಎದ್ದಾಗ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮೈಸೂರಿನವರೊಂದಿಗೆ ಸೇರಿ ಆ ಹಳೆಯ ದಾಖಲೆಗಳನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಮೈಸೂರಿನ ಆಸುಪಾಸಿನಲ್ಲೇ ಉಳಿದಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮೈಸೂರಿನಲ್ಲಿ ಆ ಸಂಶೋಧನೆ ಮುಂದಿನ ತಲೆಮಾರಿನ ಮಕ್ಕಳ ಮೇಲೂ ಮುಂದುವರಿಯಿತು.

ಇಂಥ ಉದಾಹರಣೆಯನ್ನು ಹೇಳಿ, ನೀವೂ ಹೀಗೆಯೇ ಬರೆದಿಡಿ ಎಂದು ಉಪದೇಶಿಸುವುದು ಸುಲಭ. ನಾನು ಅದನ್ನು ಮಾಡುವುದಿಲ್ಲ. ಅಲ್ಲಿ ಬರೆದವರಿಗೆ ಒಂದು ಒಳ್ಳೆಯ ತಕ್ಕಡಿ, ಒಂದು ಟೇಪು, ಮೂರು ಕಾಲಂ ಇದ್ದವು. ನಮ್ಮ ಉಪಕೇಂದ್ರದ ಸಹಾಯಕ ಶುಶ್ರೂಷಕಿಗೆ, ಎಂದರೆ ಎಎನ್‌ಎಂಗೆ, ಹತ್ತಾರು ನಮೂನೆಗಳಿವೆ. ಕೆಲಸದ ಒತ್ತಡದಲ್ಲಿ ಬರೆದ ಅಂಕಿಗಳ ಸ್ವಭಾವವನ್ನು ಯಾವ ರಿಜಿಸ್ಟರಿನಲ್ಲಾದರೂ ನೋಡಬಹುದು. ಗರ್ಭಿಣಿಯರ ನೋಂದಣಿಯ ಪುಟವೊಂದನ್ನು ತೆರೆದು ಹಿಮೋಗ್ಲೋಬಿನ್ ಕಾಲಮ್ಮಿನ ಮೇಲೆ ಬೆರಳಾಡಿಸಿ: 10, 10, 10.5, 9, 10, 11, 10. ವಯಸ್ಸಿನ ಕಾಲಮ್ಮಿನಲ್ಲಿ 20, 22, 25, 20, 25. ದೇಹದೊಳಗಿನ ರಕ್ತ ಇಷ್ಟು ಅಚ್ಚುಕಟ್ಟಾಗಿ ಹತ್ತರ ಸುತ್ತ ಸುಳಿಯುವುದಿಲ್ಲ. ದುಂಡು ಅಂಕಿಗಳ ಮೇಲಿನ ಈ ಒಲವು ಜನಗಣತಿಯವರಿಗೂ ಹಳೆಯ ಪರಿಚಯ. ವಯಸ್ಸು ಕೇಳಿದರೆ ಸೊನ್ನೆ, ಐದರಲ್ಲಿ ಕೊನೆಯಾಗುವ ಉತ್ತರಗಳೇ ರಾಶಿ ಬೀಳುತ್ತವೆ.

ಹಿಮೋಗ್ಲೋಬಿನ್ ಅಳೆಯುವ ಹಳೆಯ ಸಾಹ್ಲಿ ವಿಧಾನವನ್ನು ಕಲಿತವರು ಇಲ್ಲಿ ಇರಬಹುದು. ಗಾಜಿನ ಕೊಳವೆಯಲ್ಲಿ ಕೆಳಗಿನ ಗುರುತಿನವರೆಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ ಪಿಪೆಟ್ಟಿನಿಂದ ಅಳೆದು ಬಿಟ್ಟ ರಕ್ತ, ಹತ್ತು ನಿಮಿಷ ಕಾಯುವುದು, ಆಮೇಲೆ ಹನಿ ಹನಿಯಾಗಿ ನೀರು ಸೇರಿಸಿ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದಿಸುವುದು. ಹತ್ತು ನಿಮಿಷದ ಬದಲು ಮೂರೇ ನಿಮಿಷ ಕಾದರೆ ಬಣ್ಣ ಪೂರ್ತಿ ಬಂದಿರುವುದಿಲ್ಲ, ಅಂಕಿ ಕಡಿಮೆ ಬರುತ್ತದೆ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಹತ್ತು ನಿಮಿಷ ಯಾರು ಕಾಯುತ್ತಾರೆ? ಬೆರಳು ಚುಚ್ಚಿ ರಕ್ತ ಬಾರದಿದ್ದಾಗ ಹಿಂಡುತ್ತೇವೆ. ಹಿಂಡಿದಾಗ ರಕ್ತದ ಜೊತೆ ಊತಕದ ನೀರೂ ಸೇರಿ ಅಂಕಿ ಏರುಪೇರಾಗುತ್ತದೆ. ಈಗ ಡಿಜಿಟಲ್ ಮೀಟರುಗಳು ಬಂದಿವೆ, ಆದರೆ ಬೆರಳು ಅದೇ.

ಇದು ಕೇವಲ ಉಪಕೇಂದ್ರದ ತೊಂದರೆಯಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಈ ಸಮೀಕ್ಷೆ ಬೆರಳ ತುದಿಯ ರಕ್ತವನ್ನು ನೋಡಿತು. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆ ಅಭಿಧಮನಿಯಿಂದ ತೆಗೆದ ರಕ್ತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಅದರಲ್ಲಿ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ. 41 ಎಂದು ಬಂತು. ಅದೇ ಹೊತ್ತಿನ ನಾಲ್ಕನೇ ಕುಟುಂಬ ಆರೋಗ್ಯ ಸಮೀಕ್ಷೆ ಐದು ವರ್ಷದೊಳಗಿನವರಿಗೆ ಹೇಳಿದ್ದು ಶೇ. 58ಕ್ಕೂ ಹೆಚ್ಚು. ಎರಡು ಸಮೀಕ್ಷೆಗಳ ವಯೋಮಿತಿ ಸ್ವಲ್ಪ ಬೇರೆ ಎಂಬುದನ್ನು ಬಿಟ್ಟರೂ ಅಂತರ ದೊಡ್ಡದು. ಯಾವ ಅಂಕಿಯಿಂದ ಕೆಳಗಿದ್ದರೆ ರಕ್ತಹೀನತೆ ಎನ್ನಬೇಕು ಎಂಬುದನ್ನೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವಿಜ್ಞಾನಿಗಳೂ ಸೇರಿದ ತಂಡ 2021ರಲ್ಲಿ ಪ್ರಶ್ನಿಸಿತು. ನಮ್ಮ ಮಕ್ಕಳಿಗೆ ರಕ್ತಹೀನತೆ ಇಲ್ಲ ಎಂದು ಇದರ ಅರ್ಥವಲ್ಲ. ಅಳೆಯುವ ರೀತಿ ಬದಲಾದರೆ ಲಕ್ಷಾಂತರ ಮಕ್ಕಳು ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ, ಅಷ್ಟೇ. ಸಿರಿಗೇರಿಯ ಶುಶ್ರೂಷಕಿ ತನ್ನ ರಿಜಿಸ್ಟರಿನ ಸರಾಸರಿಯನ್ನು ನೋಡುವಾಗ ಈ ಸಂಗತಿ ಆಕೆಯ ಮನಸ್ಸಿನಲ್ಲಿರಬೇಕು.

ಇಲ್ಲೇ ಇನ್ನೊಂದು ಮಾತು. ಜಿಲ್ಲೆಯ ಅಂಕಿಅಂಶ ಎಂದು ನಮ್ಮ ಕೈಗೆ ಬರುವ ಹಾಳೆಯಲ್ಲಿ ‘ಬಳ್ಳಾರಿ’ ಎಂದು ಬರೆದಿದ್ದರೆ, ಯಾವ ಬಳ್ಳಾರಿ ಎಂದು ಕೇಳಿಕೊಳ್ಳಬೇಕು. ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. ಕರ್ನಾಟಕದಲ್ಲಿ ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಲ್ಲಿ. ಆ ಬಳ್ಳಾರಿಯೊಳಗೆ ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿಗಳೂ ಇವೆ. ಕಾಲುವೆ ನೀರಿನ ಸಿರುಗುಪ್ಪವೂ ಮಳೆ ನಂಬಿದ ಕೂಡ್ಲಿಗಿಯೂ ಸೇರಿ ಬಂದ ಸರಾಸರಿಯಲ್ಲಿ ಸಿರಿಗೇರಿ ಎಲ್ಲಿದೆ ಎಂದು ಯಾರೂ ಹೇಳಲಾರರು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿದು 35 ಸೂಚ್ಯಂಕಗಳಿಂದ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದ್ದಕ್ಕೆ ಕಾರಣವೂ ಇದೇ: ಜಿಲ್ಲೆಯ ಸರಾಸರಿ ಬಹಳಷ್ಟನ್ನು ಮುಚ್ಚಿಡುತ್ತದೆ. ತಾಲ್ಲೂಕಿನ ಸರಾಸರಿಯೂ ಹಳ್ಳಿಯನ್ನು, ಹಳ್ಳಿಯ ಸರಾಸರಿಯೂ ಕೇರಿಯನ್ನು ಮುಚ್ಚಿಡುತ್ತದೆ. ಆದ್ದರಿಂದ ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ಇಲ್ಲಿಯೇ, ಇಲ್ಲಿಯವರೇ ಹುಡುಕಬೇಕಾಗುತ್ತದೆ.

ಹೋಲಿಕೆಯ ತತ್ತ್ವಕ್ಕೆ ಬರುತ್ತೇನೆ. ಒಂದು ಕಾರ್ಯಕ್ರಮ ನಡೆಸಿದೆವು, ಆಮೇಲೆ ಪರಿಸ್ಥಿತಿ ಸುಧಾರಿಸಿತು, ಆದ್ದರಿಂದ ಕಾರ್ಯಕ್ರಮ ಯಶಸ್ವಿ. ನಮ್ಮ ವರದಿಗಳಲ್ಲಿ ನೂರಕ್ಕೆ ತೊಂಬತ್ತು ಈ ತರ್ಕದ ಮೇಲೆ ನಿಂತಿವೆ ಎಂದರೆ ಉತ್ಪ್ರೇಕ್ಷೆ ಎನಿಸಬಹುದು, ಆದರೆ ಹೆಚ್ಚಿನದಲ್ಲ. ಉತ್ತರ ಕರ್ನಾಟಕದ್ದೇ ಒಂದು ಪ್ರಯೋಗ ಇದಕ್ಕೆ ಮದ್ದು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳು ಪ್ರೌಢಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ನೋಡಿಕೊಳ್ಳಲು ‘ಸಮತಾ’ ಎಂಬ ಯೋಜನೆಯನ್ನು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿತು. ಚೀಟಿ ಎತ್ತಿದ ಹಾಗೆ 80 ಹಳ್ಳಿಗಳನ್ನು ಆರಿಸಿ, 40ರಲ್ಲಿ ಯೋಜನೆ, 40ರಲ್ಲಿ ಯಥಾಸ್ಥಿತಿ. 2014ರಲ್ಲಿ ಏಳನೇ ತರಗತಿಯಲ್ಲಿದ್ದ ಹುಡುಗಿಯರನ್ನು 2017ರವರೆಗೆ ಹಿಂಬಾಲಿಸಿದರು. ಯೋಜನೆಯಿದ್ದ ಹಳ್ಳಿಗಳಲ್ಲಿ ಹೆಚ್ಚಿನ ಹುಡುಗಿಯರು ಶಾಲೆಯಲ್ಲಿ ಉಳಿದರು. ಅಷ್ಟನ್ನೇ ನೋಡಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಯೋಜನೆಯಿಲ್ಲದ ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿ ಉಳಿದಿದ್ದರು. ಒಟ್ಟಾರೆಯಾಗಿ ಯೋಜನೆಯಿಂದಲೇ ಆದ ಬದಲಾವಣೆಗೆ ಪುರಾವೆ ಸಿಗಲಿಲ್ಲ, ಮತ್ತು ಸಂಶೋಧಕರು ಅದನ್ನು ಹಾಗೆಯೇ ಪ್ರಕಟಿಸಿದರು. ಕಾಲವೇ ಬದಲಾಗುತ್ತಿತ್ತು, ಹೆತ್ತವರ ಮನಸ್ಸು, ಶಾಲೆಯ ಸೌಲಭ್ಯ ಎಲ್ಲವೂ. ಇಂಥ ಫಲಿತಾಂಶವನ್ನು ಸೋಲು ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ತಿಳಿಯಲು ಇಷ್ಟು ಪ್ರಾಮಾಣಿಕ ದಾರಿ ಇನ್ನೊಂದಿಲ್ಲ.

ಹೋಲಿಕೆಗೆ ಯಾವಾಗಲೂ ದೊಡ್ಡ ಪ್ರಯೋಗವೇ ಬೇಕೆಂದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಕೆಲವು ಬಾಣಂತಿಯರ ಸ್ಥಿತಿ ಬಿಗಡಾಯಿಸಿತು. ಕೆಲವೇ ವಾರಗಳಲ್ಲಿ ಐವರು ತೀರಿಕೊಂಡರು. ಶಿರೆಯ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು, ಅದರ ಬಳಕೆಯನ್ನು ಸರ್ಕಾರ ತಡೆಹಿಡಿಯಿತು, ರಾಜ್ಯದ ತಾಯಂದಿರ ಸಾವುಗಳ ಪರಿಶೋಧನೆಗೆ ಆದೇಶವಾಯಿತು. ರಾಜಕೀಯದ ಮಾತು ನನಗೆ ಬೇಡ. ಇಂಥ ಘಟನೆಯಲ್ಲಿ ತನಿಖೆಯ ಮೊದಲ ಪ್ರಶ್ನೆಗಳು ಯಾವುವು ಎಂದಷ್ಟೇ ನೋಡಿ: ಆ ದಿನಗಳಲ್ಲಿ ಹೆರಿಗೆಯಾದವರೆಲ್ಲ ಎಷ್ಟು ಮಂದಿ, ಅವರಲ್ಲಿ ಯಾರಿಗೆ ಯಾವ ಬ್ಯಾಚಿನ ಬಾಟಲಿ ಏರಿಸಲಾಯಿತು, ಏರಿಸದವರಲ್ಲಿ ಯಾರಿಗಾದರೂ ಹೀಗಾಯಿತೇ, ಮೂತ್ರ ಕಡಿಮೆಯಾದದ್ದು ಎಷ್ಟು ಗಂಟೆಗೆ. ಉತ್ತರಗಳೆಲ್ಲ ಕೇಸ್ ಶೀಟಿನಲ್ಲಿವೆ, ಅಥವಾ ಇಲ್ಲ. ಬ್ಯಾಚ್ ನಂಬರ್ ಬರೆದ ರಾತ್ರಿ ಪಾಳಿಯ ನರ್ಸು, ಆ ಕ್ಷಣದಲ್ಲಿ, ತನಿಖಾ ತಂಡದ ಯಾವ ಪ್ರಾಧ್ಯಾಪಕರಿಗೂ ಕಡಿಮೆಯಿಲ್ಲದ ಸಂಶೋಧಕಿ.

ಅಂಕಿ ಹೇಳದ ಸಂಗತಿಗಳಿವೆ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮುಂತಾದವರ ತಂಡ ಬೆಂಗಳೂರಿನ ಐಐಎಂ ಮೂಲಕ ವರ್ಷಗಟ್ಟಲೆ ಕೆಲಸ ಮಾಡಿತು. ಹೆರಿಗೆಯ ಹೊತ್ತಿನಲ್ಲಿ ಸತ್ತ ಹೆಂಗಸರ ಮನೆಗಳಿಗೆ ಹೋಗಿ, ಗಂಡ, ತಾಯಿ, ಅತ್ತೆ, ಜೊತೆಗೆ ಹೋದ ನೆರೆಯವರು, ಆಶಾ ಎಲ್ಲರ ಮಾತನ್ನೂ ಕೇಳಿ, ಕೊನೆಯ ದಿನಗಳು ಹೇಗೆ ಕಳೆದವು ಎಂಬುದನ್ನು ಜೋಡಿಸಿತು. ಇದಕ್ಕೆ ಮೌಖಿಕ ಶವಪರೀಕ್ಷೆ ಎನ್ನುತ್ತಾರೆ. ದಾಖಲೆಯಲ್ಲಿ ‘ಅಧಿಕ ರಕ್ತಸ್ರಾವ’ ಎಂದಷ್ಟೇ ಇರುವ ಸಾವಿನ ಹಿಂದೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ, ತಿಂಗಳುಗಳ ಹಿಂದೆಯೇ ಗುರುತಿಸಬಹುದಾಗಿದ್ದ ರಕ್ತಹೀನತೆ, ಮನೆಯೊಳಗೆ ಯಾರ ಮಾತು ನಡೆಯಿತು ಎಂಬ ಪ್ರಶ್ನೆ ಇವೆಲ್ಲ ಇದ್ದವು. ಕೇಳುವವರು ಯಾರು ಎಂಬುದೂ ಇಲ್ಲಿ ವಿಧಾನದ ಭಾಗವೇ. ಸಾವಿಗೆ ಆರೋಗ್ಯ ಇಲಾಖೆಯ ನಿರ್ಲಕ್ಷ್ಯ ಕಾರಣವಾಗಿರಬಹುದಾದಲ್ಲಿ ಅದೇ ಇಲಾಖೆಯ ಸಮವಸ್ತ್ರ ತೊಟ್ಟು ಹೋಗಿ ಕೇಳಿದರೆ ಬರುವ ಉತ್ತರವೇ ಬೇರೆ.

ಎಣಿಸುವುದು ಒಳ್ಳೆಯದನ್ನಷ್ಟೇ ಮಾಡುತ್ತದೆ ಎಂದು ತಿಳಿಯುವುದು ಸಮಾಜಸೇವೆಯಲ್ಲಿ ಅಪಾಯಕಾರಿ. ನಮ್ಮ ಭಾಗಕ್ಕೆ ಹತ್ತಿರದ ಉದಾಹರಣೆ ದೇವದಾಸಿ ಸಮೀಕ್ಷೆಗಳದ್ದು. 1982ರ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಿದ ಮೇಲೆ, ಸರ್ಕಾರ 1993-94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 22,873 ಮಹಿಳೆಯರನ್ನು, 2007-08ರಲ್ಲಿ ಇನ್ನೂ 23,787 ಮಹಿಳೆಯರನ್ನು ಗುರುತಿಸಿತು. ಎರಡೂ ಸೇರಿ 46,660. ಪಟ್ಟಿಯಲ್ಲಿ ಹೆಸರಿದ್ದವರಿಗೆ ಪಿಂಚಣಿ, ಸಾಲ, ಮನೆ ಕೇಳುವ ಹಕ್ಕು. ಹೆಸರಿಲ್ಲದವರು ದಶಕಗಳ ಕಾಲ ಬಾಗಿಲು ತಟ್ಟುತ್ತಲೇ ಉಳಿದರು. ಆದರೆ ಹೆಸರು ಬರೆಸುವುದೆಂದರೆ ಊರ ಮುಂದೆ ತನ್ನ ಬದುಕನ್ನು ಒಪ್ಪಿಕೊಳ್ಳುವುದು. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ತಾಯಿ ಹೆಸರು ಬರೆಸುತ್ತಾಳೆಯೇ? ಹಾಗಾದರೆ 46,660 ಎಂಬುದು ಏನನ್ನು ಎಣಿಸಿದೆ? ದೇವದಾಸಿಯರನ್ನೇ, ಅಥವಾ ಹಾಗೆಂದು ಹೇಳಿಕೊಳ್ಳಲು ಸಿದ್ಧರಿದ್ದವರನ್ನೇ? ಸಮಾಜಕಾರ್ಯದ ವಿದ್ಯಾರ್ಥಿ ತನ್ನ ಪ್ರಬಂಧಕ್ಕೆ ಈ ಮಹಿಳೆಯರ ‘ಸಾಮಾಜಿಕ-ಆರ್ಥಿಕ ಸ್ಥಿತಿಗತಿ’ಯನ್ನು ಆರಿಸಿಕೊಂಡಾಗ, ಮನೆ ಬಾಗಿಲಲ್ಲಿ ನಿಂತು ಪ್ರಶ್ನಾವಳಿ ತೆರೆಯುವ ಮುಂಚೆಯೇ, ಈ ಹಾಳೆ ಈಕೆಗೆ ಏನು ಮಾಡೀತು ಎಂದು ಯೋಚಿಸಿರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಗಳು ಒಪ್ಪಿಗೆ, ಗೋಪ್ಯತೆ, ದುರ್ಬಲ ಸಮುದಾಯಗಳ ರಕ್ಷಣೆಯ ಬಗ್ಗೆ ವಿವರವಾಗಿ ಹೇಳುತ್ತವೆ. ಅವನ್ನು ಓದುವುದು ಕಡ್ಡಾಯ. ಅವುಗಳ ಆಚೆಗೆ, ಹಳ್ಳಿಯಲ್ಲಿ ಗೋಪ್ಯತೆ ಎಂದರೆ ಹೆಸರನ್ನು ಅಳಿಸುವುದಷ್ಟೇ ಅಲ್ಲ. ‘ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯ 34 ವರ್ಷದ ವಿಧವೆ, ಮೂರು ಹೆಣ್ಣುಮಕ್ಕಳ ತಾಯಿ, ಎಚ್‌ಐವಿ ಸೋಂಕಿತೆ’ ಎಂದು ಬರೆದರೆ ಆ ಹಳ್ಳಿಯವರಿಗೆ ಹೆಸರು ಬೇಕಾಗುವುದಿಲ್ಲ.

ಇನ್ನು ಕಲಿಕೆಯ ಕ್ರಮ. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಬೋಧಕರಿಗೂ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಕಡ್ಡಾಯ ಮಾಡಲಾಗಿದೆ. ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆಯಿದೆ, ಎಂ.ಎಸ್.ಡಬ್ಲ್ಯು.ನಲ್ಲಿ ಕಿರುಪ್ರಬಂಧವಿದೆ. ಪಠ್ಯ ಇಲ್ಲವೆಂಬ ದೂರಿಗೆ ಆಸ್ಪದವಿಲ್ಲ. ಆದರೂ ವರ್ಷವರ್ಷವೂ ನಮ್ಮ ಕಾಲೇಜುಗಳಿಂದ ಒಂದೇ ಅಚ್ಚಿನ ಪ್ರಬಂಧಗಳು ಹೊರಬರುತ್ತವೆ: ಆಯ್ದ ಹಳ್ಳಿಯ ತಾಯಂದಿರಲ್ಲಿ ರಕ್ತಹೀನತೆಯ ಜ್ಞಾನದ ಮೇಲೆ ‘ರಚನಾತ್ಮಕ ಬೋಧನಾ ಕಾರ್ಯಕ್ರಮ’ದ ಪರಿಣಾಮ. ಮೊದಲು ಪ್ರಶ್ನೆಪತ್ರಿಕೆ, ನಂತರ ಮುಕ್ಕಾಲು ಗಂಟೆ ಚಾರ್ಟಿನ ಪಾಠ, ವಾರದ ಮೇಲೆ ಅದೇ ಪ್ರಶ್ನೆಪತ್ರಿಕೆ. ಅಂಕ ಏರುತ್ತದೆ. ಏರದಿದ್ದರೆ ಆಶ್ಚರ್ಯ. ಹೋಲಿಸಲು ಇನ್ನೊಂದು ಗುಂಪಿಲ್ಲ, ಆರು ತಿಂಗಳ ಮೇಲೆ ಯಾರೂ ಹೋಗಿ ಕೇಳಿಲ್ಲ, ಆ ತಾಯಂದಿರ ರಕ್ತ ಏರಿತೇ ಎಂದಂತೂ ನೋಡಿಯೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜ್ಞಾನದ ಕೊರತೆಯೇ ಕಾರಣ ಎಂಬ ಊಹೆಯನ್ನು ಪ್ರಶ್ನಿಸದೆ ಒಪ್ಪಲಾಗಿದೆ. ತುಮಕೂರಿನ ರೋಗಿಗಳಿಗೆ ಅರಿವಿತ್ತು. ಇಲ್ಲದಿದ್ದದ್ದು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ. ಇಲ್ಲಿಯ ತಾಯಂದಿರಿಗೆ ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಗೊತ್ತಿದ್ದು, ನುಂಗಿದರೆ ಹೊಟ್ಟೆ ತೊಳಸಿ ಗದ್ದೆ ಕೆಲಸ ಆಗುವುದಿಲ್ಲವೆಂದು ಬಿಟ್ಟಿರಬಹುದು. ದಾಸ್ತಾನು ಮುಗಿದಿರಬಹುದು. ಇಂಥ ಪ್ರಬಂಧಗಳನ್ನು ವಿದ್ಯಾರ್ಥಿಗಳ ತಪ್ಪೆಂದು ನಾನು ಹೇಳುವುದಿಲ್ಲ. ಆರು ತಿಂಗಳಲ್ಲಿ ಮುಗಿಯಬೇಕು, ಪರೀಕ್ಷಕರಿಗೆ ಪರಿಚಿತ ಅಚ್ಚಿರಬೇಕು ಎಂಬ ಒತ್ತಡ ಅವರ ಪ್ರಶ್ನೆಯನ್ನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಬೇರೆ ದಾರಿಯೂ ಇದೆ. ಕ್ಷಯ ಮತ್ತು ಶ್ವಾಸಕೋಶ ರೋಗಗಳ ಅಂತರರಾಷ್ಟ್ರೀಯ ಒಕ್ಕೂಟ ಹಾಗೂ ಗಡಿರಹಿತ ವೈದ್ಯರ ಸಂಸ್ಥೆ 2009ರಲ್ಲಿ ಶುರುಮಾಡಿ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ನೆರಳಲ್ಲಿ ಬೆಳೆದ ಕಾರ್ಯಾಚರಣೆ ಸಂಶೋಧನೆಯ ತರಬೇತಿಯಲ್ಲಿ, ಕಲಿಯುವವರು ತಮ್ಮ ಕಾರ್ಯಕ್ರಮದ ಪ್ರಶ್ನೆಯನ್ನೇ, ತಮ್ಮ ಬಳಿ ಆಗಲೇ ಇರುವ ದಾಖಲೆಗಳನ್ನೇ ಹಿಡಿದು ಬರುತ್ತಾರೆ. ಒಂದು ಘಟ್ಟದಲ್ಲಿ ಯೋಜನೆ ಬರೆಯಬೇಕು, ಮುಂದಿನದರಲ್ಲಿ ಮಾಹಿತಿ ಶುದ್ಧ ಮಾಡಬೇಕು, ಕೊನೆಯದರಲ್ಲಿ ಲೇಖನ ಮುಗಿಸಬೇಕು. ಗಡುವು ತಪ್ಪಿದವರು ಮುಂದಕ್ಕೆ ಹೋಗುವಂತಿಲ್ಲ. ಭಾರತದ ಕ್ಷಯ ಕಾರ್ಯಕ್ರಮದ ಅನೇಕ ವೈದ್ಯರು ಹೀಗೆ ಕಲಿತರು. ಪುಸ್ತಕದ ಮೊದಲ ಅಧ್ಯಾಯದಿಂದ ಹೊರಟು ಹದಿನೈದನೆಯದಕ್ಕೆ ಮುಟ್ಟುವ ಹೊತ್ತಿಗೆ ಆಸಕ್ತಿ ಬತ್ತಿಹೋಗುವ ಕ್ರಮಕ್ಕಿಂತ ಇದು ಮೇಲು. ಶೇಕಡಾವಾರು, ಮಧ್ಯಾಂಕ, ವಿಶ್ವಾಸದ ಅಂತರ ಇವುಗಳನ್ನು ಬೇಕಾದ ದಿನ ಕಲಿತರಾಯಿತು. ತನ್ನ ಪ್ರಶ್ನೆಗೆ ಬೇಕಾದ ಲೆಕ್ಕವನ್ನು ಯಾರೂ ಮರೆಯುವುದಿಲ್ಲ.

ಸಿರಿಗೇರಿಯಲ್ಲಿ ಇಂಥ ಕಲಿಕೆ ಆರಂಭವಾಗುವುದಾದರೆ ಒಂದು ಪ್ರಶ್ನೆಯನ್ನು ಸೂಚಿಸುವ ಧೈರ್ಯ ಮಾಡುತ್ತೇನೆ. ಕಳೆದ ವರ್ಷ ನೋಂದಾಯಿಸಿದ ಗರ್ಭಿಣಿಯರಲ್ಲಿ ಮೊದಲ ಭೇಟಿಯಲ್ಲಿ ರಕ್ತ ಕಡಿಮೆಯಿದ್ದವರ ಪಟ್ಟಿ ಮಾಡಿ, ಹೆರಿಗೆಗೆ ಮುಂಚೆ ಎರಡನೇ ಸಲ ಅಳೆದದ್ದು ಎಷ್ಟು ಜನರಿಗೆ ಬರೆದಿದೆ ಎಂದು ನೋಡಿ. ಚೊಚ್ಚಲ ಬಸುರಿಯರ ಸಾಲಿಗೆ ಬಂದಾಗ ಜಾಗ ಖಾಲಿ ಕಾಣುವ ಸಾಧ್ಯತೆ ಹೆಚ್ಚು. ಏಳನೇ ತಿಂಗಳಿಗೆ ಅವರು ತವರಿಗೆ ಹೋಗಿರುತ್ತಾರೆ. ತವರು ಸಿಂಧನೂರಿನ ಕಡೆ ಇರಬಹುದು, ಗಡಿಯಾಚೆ ಆಂಧ್ರದ ಆಲೂರು, ಆದೋನಿಯ ಕಡೆಯೂ ಇರಬಹುದು. ಅಲ್ಲಿ ಅಳೆದಿದ್ದರೂ ಅಲ್ಲಿನ ಪುಸ್ತಕದಲ್ಲಿ ಅಳೆದಿದ್ದಾರೆ. ನಮ್ಮ ಪುಸ್ತಕದ ಖಾಲಿ ಜಾಗ ಚಿಕಿತ್ಸೆ ಸಿಕ್ಕಿಲ್ಲವೆಂದು ಹೇಳುತ್ತಿದೆಯೇ, ಊರು ಬಿಟ್ಟಿದ್ದಾರೆಂದು ಹೇಳುತ್ತಿದೆಯೇ ಎಂಬುದನ್ನು ಬೇರ್ಪಡಿಸಲು ತಾಯಿ ಕಾರ್ಡು ಸಾಕಾಗಬಹುದು, ಕೆಲವು ಮನೆಗಳಿಗೆ ಫೋನ್ ಮಾಡಬೇಕಾಗಬಹುದು. ಬಾಣಂತನ ಮುಗಿಸಿ ಮರಳಿದ ಮೇಲೆ ಆ ಕಾರ್ಡನ್ನು ಕೇಳಿ ನೋಡಿ, ಎರಡನೇ ಅಂಕಿಯನ್ನೂ ಅಳೆದ ಊರನ್ನೂ ಬರೆಯಲು ಎರಡು ಕಾಲಂ ಹೆಚ್ಚಿಗೆ ಹಾಕಬೇಕು. ಇದಕ್ಕೆ ಅನುದಾನ ಬೇಡ. ವೈದ್ಯಾಧಿಕಾರಿಗಳ ಒಪ್ಪಿಗೆ, ಮಾಸಿಕ ಸಭೆಯಲ್ಲಿ ಅರ್ಧ ಗಂಟೆ, ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದಿಂದಲೋ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಿಂದಲೋ ಒಬ್ಬ ಮಾರ್ಗದರ್ಶಕರು, ನೈತಿಕ ಸಮಿತಿಯ ಅನುಮತಿ ಇಷ್ಟು ಬೇಕು. ಪ್ರಕಟಣೆಯ ಹಂತ ಬಂದಾಗ ಲೇಖಕರ ಪಟ್ಟಿಯಲ್ಲಿ ಮಾರ್ಗದರ್ಶಕರ ಹೆಸರಿನ ಜೊತೆಗೆ ಎಎನ್‌ಎಂ ಮತ್ತು ಆಶಾ ಕಾರ್ಯಕರ್ತೆಯರ ಹೆಸರುಗಳೂ ಇರಬೇಕೆಂದು ಮೊದಲ ಸಭೆಯಲ್ಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಆ ಮಾತು ಎತ್ತಿದರೆ ತಡವಾಗಿರುತ್ತದೆ.